ಹತ್ತನೇ ತರಗತಿ ಮುಗಿದ ಜೂನ್‌ನಲ್ಲೇ ಈಜು ಬಿಡಿಸಬೇಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು, ಪಿಯುಸಿ ಸೀಟಿನ ಓಡಾಟ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ಶಿವಮೊಗ್ಗದ ಈಜುಕೊಳಗಳಲ್ಲಿ ಒಂದು ವಯಸ್ಸಿನ ಮಕ್ಕಳು ಒಮ್ಮೆಲೇ ಕಾಣೆಯಾಗುತ್ತಾರೆ. ಬೇಸಿಗೆ ಶಿಬಿರಕ್ಕೆ ಬಂದ ಎಂಟು ಹತ್ತು ವರ್ಷದವರು ಮಳೆ ಹಿಡಿದಾಗ ಹೋದರೂ ಮುಂದಿನ ಏಪ್ರಿಲ್‌ಗೆ ಮತ್ತೆ ಬರುತ್ತಾರೆ. ಹದಿನಾರು ತುಂಬಿದವರು ಬರುವುದಿಲ್ಲ. ನೀಟ್, ಸಿಇಟಿ, ಬೆಳಿಗ್ಗೆ ಆರಕ್ಕೆ ಟ್ಯೂಷನ್, ಮೇಲಿಂದ ಮೃಗಶಿರಾ ಮಳೆ. ಮನೆಯವರ ಲೆಕ್ಕಾಚಾರ ನಮಗೆ ಅರ್ಥವಾಗುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ತಾರೀಖು ಬಿಟ್ಟುಹೋಗಿದೆ ಎಂದು ತಿಳಿಸಲು ಈ ಪತ್ರ.

ಆ ತಾರೀಖು ಜೂನ್ 15. ಅಮೆರಿಕದಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ, ಡಿವಿಷನ್ ಒನ್ ಎಂಬ ಮೇಲಿನ ದರ್ಜೆಯ ಕಾಲೇಜಿನ ಈಜು ಕೋಚ್ ಒಬ್ಬ ವಿದ್ಯಾರ್ಥಿಗೆ ಪತ್ರ ಬರೆಯುವುದಾಗಲಿ ಫೋನ್ ಮಾಡುವುದಾಗಲಿ ಆ ವಿದ್ಯಾರ್ಥಿ ಹತ್ತನೇ ತರಗತಿ ಮುಗಿಸಿದ ವರ್ಷದ ಜೂನ್ 15ರಿಂದ ಮಾತ್ರ. ಅಲ್ಲಿಂದ ಹೆಚ್ಚುಕಡಿಮೆ ಒಂದೂವರೆ ವರ್ಷದಲ್ಲಿ ಕೋಚ್‌ಗಳು ತಂಡಕ್ಕೆ ಬೇಕಾದವರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅವರು ನಮ್ಮ ಮಕ್ಕಳ ಈಜಿನ ಸಮಯವನ್ನು ನೋಡಲು ಶುರುಮಾಡುವ ವಾರವೇ ನಾವು ಈಜು ಬಿಡಿಸುತ್ತೇವೆ. ಎರಡನೇ ಪಿಯುಸಿ ಫಲಿತಾಂಶ ಬಂದ ಮೇಲೆ "ಈಜಿನಲ್ಲಿ ಏನಾದರೂ ಸ್ಕಾಲರ್‌ಶಿಪ್ ಸಿಗುತ್ತದೆಯೇ" ಎಂದು ಕೇಳಿಕೊಂಡು ಬರುವ ಪೋಷಕರಿದ್ದಾರೆ. ಅಷ್ಟರಲ್ಲಿ ಆ ವರ್ಷದ ತಂಡ ಬಹುಪಾಲು ತುಂಬಿರುತ್ತದೆ, ಮಗುವಿನ ಕೊನೆಯ ಅಧಿಕೃತ ಸಮಯ ಎರಡು ವರ್ಷ ಹಳೆಯದಾಗಿರುತ್ತದೆ.

ಈ ದಾರಿಯಲ್ಲಿ ಹೋದವರು ಎಲ್ಲಿಗೆ ತಲುಪಿದ್ದಾರೆ ಎನ್ನುವುದಕ್ಕೆ ಸಿಂಗಪುರದ ಜೋಸೆಫ್ ಸ್ಕೂಲಿಂಗ್ ಸಾಕು. ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡದಲ್ಲಿದ್ದಾಗಲೇ 2016ರ ರಿಯೊ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈಯನ್ನು 50.39 ಸೆಕೆಂಡಿನಲ್ಲಿ ಮುಗಿಸಿ ಮೈಕಲ್ ಫೆಲ್ಪ್ಸ್ ಅವರನ್ನು ಹಿಂದೆ ಹಾಕಿದರು. ಜಿಂಬಾಬ್ವೆಯ ಕರ್ಸ್ಟಿ ಕವೆಂಟ್ರಿ ಆಬರ್ನ್ ವಿಶ್ವವಿದ್ಯಾಲಯಕ್ಕೆ ಈಜಿ, ಏಳು ಒಲಿಂಪಿಕ್ ಪದಕ ಗೆದ್ದು, 2025ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾದರು. ನಮ್ಮವರಲ್ಲಿ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಅಂಕುರ್ ಪೊಸೇರಿಯಾ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. ದೂರದ ಫ್ರೀಸ್ಟೈಲ್‌ನಲ್ಲಿ ರಾಷ್ಟ್ರೀಯ ದಾಖಲೆ ಬರೆದ ಆರ್ಯನ್ ನೆಹ್ರಾ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡದಲ್ಲಿ ಈಜಿದವರು. ಹಾಗೆಂದು ಅದೊಂದೇ ದಾರಿಯಲ್ಲ. ಬೆಂಗಳೂರಿನ ಶ್ರೀಹರಿ ನಟರಾಜ್ ಇಲ್ಲಿಯೇ ಇದ್ದು 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ (ಅಂಗಾತ ಈಜು) 53.77 ಸೆಕೆಂಡು ತೆಗೆದು ಟೋಕಿಯೊಗೂ ಆಮೇಲೆ ಪ್ಯಾರಿಸ್‌ಗೂ ಹೋದರು. ಆದರೆ ಬೆಂಗಳೂರಿನ ಮಗುವಿಗೆ ಊರಲ್ಲೇ ಇರುವ ಅನುಕೂಲ ತೀರ್ಥಹಳ್ಳಿ, ಹೊಸನಗರ, ಸಾಗರದ ಮಗುವಿಗೆ ಇಲ್ಲ. ಹೇಗೂ ಮನೆ ಬಿಟ್ಟೇ ಹೋಗಬೇಕಾದ ಮಗುವಿಗೆ ಕಾಲೇಜು ಈಜು ಒಂದು ನಿಜವಾದ ಆಯ್ಕೆ.

ಅಲ್ಲಿನ ಕಾಲೇಜು ಸ್ಪರ್ಧೆ ನಡೆಯುವುದು 50 ಮೀಟರ್ ಕೊಳದಲ್ಲಲ್ಲ, 25 ಮೀಟರ್ ಕೊಳದಲ್ಲೂ ಅಲ್ಲ. 25 ಗಜದ ಕೊಳದಲ್ಲಿ, ಅಂದರೆ 22.86 ಮೀಟರ್. ನೂರು ಗಜ ಎಂದರೆ 91.44 ಮೀಟರ್. ಸ್ಪರ್ಧೆಗಳೂ ಬೇರೆ: 400 ಮೀಟರ್ ಫ್ರೀಸ್ಟೈಲ್‌ನ ಜಾಗದಲ್ಲಿ 500 ಗಜ, 1500ರ ಜಾಗದಲ್ಲಿ 1650 ಗಜ. 50 ಮೀಟರ್ ಕೊಳದಲ್ಲಿ ತೆಗೆದ 100, 200ರಂಥ ದೂರಗಳ ಸಮಯವನ್ನು ಅಷ್ಟೇ ಗಜಕ್ಕೆ ತರಲು ಸುಮಾರು 0.87ರಿಂದ 0.88ರ ನಡುವಿನ ಸಂಖ್ಯೆಯಿಂದ ಗುಣಿಸುವುದು ರೂಢಿ. 50 ಮೀಟರ್ ಕೊಳದಲ್ಲಿ 100 ಫ್ರೀಸ್ಟೈಲ್ 52 ಸೆಕೆಂಡು ಈಜುವವರು ಗಜದ ಕೊಳದಲ್ಲಿ 45.5ರ ಆಸುಪಾಸು ಬರಬೇಕು ಎಂದು ಲೆಕ್ಕ. ಬರಬೇಕು, ನಿಜ, ಆದರೆ ಮಲೆನಾಡಿನ ಮಕ್ಕಳು ಬರುವುದಿಲ್ಲ. ಯಾಕೆ ಎನ್ನುವುದು ಈ ವಿಷಯದ ಜೀವಾಳ.

ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಪ್ರತಿ ಗೋಡೆಯಿಂದ 15 ಮೀಟರ್‌ವರೆಗೆ ನೀರಿನೊಳಗೇ ಹೋಗಲು ನಿಯಮ ಬಿಡುತ್ತದೆ. ಅಷ್ಟರಲ್ಲಿ ತಲೆ ಮೇಲೆ ಬಂದಿರಬೇಕು. 50 ಮೀಟರ್ ಕೊಳದಲ್ಲಿ ನೂರು ಮೀಟರ್ ಈಜಿದರೆ ಇಂಥ ಅವಕಾಶ ಎರಡು ಸಲ, ಒಟ್ಟು 30 ಮೀಟರ್. 25 ಗಜದ ಕೊಳದಲ್ಲಿ ನೂರು ಗಜಕ್ಕೆ ಹಾರುವುದೊಂದು, ಮೂರು ಟರ್ನ್ (ಗೋಡೆಯ ಬಳಿ ಉರುಳಿ ತಿರುಗುವುದು), ಒಟ್ಟು 60 ಮೀಟರ್. 91 ಮೀಟರ್‌ನಲ್ಲಿ 60! ಅಂದರೆ ಕಾಲೇಜು ಈಜು ಎನ್ನುವುದು ಅರ್ಧಕ್ಕಿಂತ ಹೆಚ್ಚು ಗೋಡೆಯ ಆಟ, ಕೈ ಬೀಸುವುದು ಆಮೇಲೆ. ಒಂದು ಟರ್ನ್‌ನಲ್ಲಿ ಅರ್ಧ ಸೆಕೆಂಡು ಕಳೆದುಕೊಳ್ಳುವ ಹುಡುಗಿ ಮೂರು ಟರ್ನ್‌ನಲ್ಲಿ ಒಂದೂವರೆ ಸೆಕೆಂಡು ಕಳೆದುಕೊಂಡಳು. ಕಾಲೇಜು ಮಟ್ಟದಲ್ಲಿ ಒಂದೂವರೆ ಸೆಕೆಂಡು ಎಂದರೆ ಅಂತಿಮ ಸುತ್ತಿಗೂ ಮನೆಗೂ ಇರುವ ಅಂತರ.

ತುಂಗೆಯಲ್ಲೋ ಭದ್ರೆಯಲ್ಲೋ ಶರಾವತಿ ಹಿನ್ನೀರಿನಲ್ಲೋ ಈಜು ಕಲಿತ ಮಗುವಿಗೆ ನೀರಿನ ಹಿಡಿತ ಹುಟ್ಟಿನಿಂದ ಬಂದಂತೆ ಇರುತ್ತದೆ. ಸೆಳವಿಗೆ ಎದುರು ಈಜಿದ ಕೈ ನೀರನ್ನು ಜಾರಗೊಡುವುದಿಲ್ಲ. ಅದು ನಗರದ ಮಕ್ಕಳಿಗೆ ಎರಡು ಮೂರು ವರ್ಷ ಕಲಿಸಬೇಕಾದ ವಿದ್ಯೆ. ಆದರೆ ಹೊಳೆಗೆ ಗೋಡೆಯಿಲ್ಲ. ಅಲ್ಲದೆ ಹೊಳೆಯಲ್ಲಿ ದಿಕ್ಕು ನೋಡಲು ತಲೆ ಎತ್ತಿ ಈಜುವ ಅಭ್ಯಾಸ ಬೀಳುತ್ತದೆ. ತಲೆ ಎದ್ದಷ್ಟೂ ಸೊಂಟ ಮುಳುಗುತ್ತದೆ, ಕಾಲು ಬ್ರೇಕ್ ಹಾಕಿದ ಹಾಗೆ ನೀರನ್ನು ತಡೆಯುತ್ತದೆ. ಇದನ್ನು ಹನ್ನೆರಡು ಹದಿಮೂರರಲ್ಲಿ ತಿದ್ದಿದರೆ ಆರು ತಿಂಗಳ ಕೆಲಸ, ಹದಿನೇಳರಲ್ಲಾದರೆ ಕಷ್ಟ.

ಟರ್ನ್ ಹೇಗಿರಬೇಕು ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ಪೋಷಕರೂ ದಡದಲ್ಲಿ ನಿಂತು ನೋಡಬಹುದಾದ ಸಂಗತಿ ಇದು. ಲೇನ್‌ನ ತಳದಲ್ಲಿರುವ ಕಪ್ಪು ಗೆರೆ ಗೋಡೆಗೆ 2 ಮೀಟರ್ ಇರುವಾಗ ಅಡ್ಡಗೆರೆಯಾಗಿ ಮುಗಿಯುತ್ತದೆ. ಕಣ್ಣು ಆ ಅಡ್ಡಗೆರೆಯ ಮೇಲಿರಬೇಕು, ಗೋಡೆಯ ಮೇಲಲ್ಲ. ಅದನ್ನು ದಾಟುವಾಗ ಕೊನೆಯ ಕೈ ಎಳೆದು, ಎರಡೂ ಅಂಗೈ ಸೊಂಟದ ಪಕ್ಕ ಉಳಿದಿರುವಂತೆಯೇ ಗದ್ದವನ್ನು ಎದೆಗೆ ಒತ್ತಿ ಉರುಳಬೇಕು. ಕೊನೆಯ ಎರಡು ಕೈಯಲ್ಲಿ ಉಸಿರು ತೆಗೆದುಕೊಳ್ಳಬಾರದು. ಉರುಳುವಾಗ ಮೂಗಿನಿಂದ ಗಾಳಿ ಬಿಡುತ್ತಲೇ ಇರಬೇಕು, ಇಲ್ಲವಾದರೆ ನೀರು ಮೂಗಿಗೇರಿ ಮಗು ಟರ್ನ್‌ಗೇ ಹೆದರುತ್ತದೆ. ಪಾದ ಭುಜದಷ್ಟು ಅಗಲಕ್ಕೆ ಗೋಡೆಗೆ ತಾಗಬೇಕು, ಬೆರಳು ಮೇಲ್ಮುಖ ಅಥವಾ ತುಸು ಪಕ್ಕಕ್ಕೆ, ಮೊಣಕಾಲು ಕುರ್ಚಿಯಲ್ಲಿ ಕೂತಷ್ಟು ಮಡಚಿರಬೇಕು. ಆ ಕ್ಷಣಕ್ಕೆ ಕೈಗಳು ಆಗಲೇ ತಲೆಯ ಮೇಲೆ ಚಾಚಿ, ಒಂದು ಅಂಗೈ ಮೇಲೆ ಇನ್ನೊಂದು ಕೂತು, ತೋಳು ಕಿವಿಯನ್ನು ಒತ್ತಿರಬೇಕು. ತಳ್ಳುವುದು ಅಂಗಾತ ಅಥವಾ ಓರೆಯಾಗಿ, ನೀರಿನ ಮೇಲ್ಮೈಯಿಂದ ಸುಮಾರು ಅರ್ಧ ಮೀಟರ್ ಕೆಳಗೆ. ಆಮೇಲೆ ಎರಡೂ ಕಾಲು ಜೋಡಿಸಿ ಬಡಿಯುವ ಡಾಲ್ಫಿನ್ ಕಿಕ್, ಹೊರಳಿ ಮೇಲೆ ಬರುವುದು. ಮೇಲೆ ಬಂದ ಮೊದಲ ಕೈಗೆ ಉಸಿರು ಬೇಡ.

ತಪ್ಪಾಗುವುದು ಎಲ್ಲಿ? ಗೋಡೆ ಎಷ್ಟು ದೂರ ಎಂದು ನೋಡಲು ತಲೆ ಎತ್ತುತ್ತಾರೆ, ವೇಗ ಅಲ್ಲೇ ಸಾಯುತ್ತದೆ. ಗೋಡೆಯ ತೀರಾ ಹತ್ತಿರ ಉರುಳಿದರೆ ಮೊಣಕಾಲು ಎದೆಗೆ ಬಂದು ಒತ್ತುವ ಬಲವೇ ಇರುವುದಿಲ್ಲ. ದೂರದಲ್ಲಿ ಉರುಳಿದರೆ ಬೆರಳ ತುದಿ ಮಾತ್ರ ತಾಗುತ್ತದೆ. ಪಾದ ಮೇಲ್ಮೈಗೆ ಹತ್ತಿರ ಇಟ್ಟರೆ ದೇಹ ಕೆಳಮುಖವಾಗಿ ನುಗ್ಗುತ್ತದೆ. ಇನ್ನು ಡಾಲ್ಫಿನ್ ಕಿಕ್ ಬಗ್ಗೆ: ಮೊಣಕಾಲಿನಿಂದ ಹೊಡೆಯುವುದಲ್ಲ, ಎದೆಯಿಂದ ಹೊರಟು ಸೊಂಟದ ಮೂಲಕ ಪಾದಕ್ಕೆ ಇಳಿಯಬೇಕು. ಎಷ್ಟು ಕಿಕ್ ಎನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಒಳಗಿನ ವೇಗ ಮೇಲಿನ ಈಜಿನ ವೇಗಕ್ಕಿಂತ ಕಡಿಮೆಯಾಗುವ ಘಳಿಗೆಗೆ ಮೇಲೆ ಬರಬೇಕು. ಒಬ್ಬರಿಗೆ ಅದು ನಾಲ್ಕು ಕಿಕ್, ಇನ್ನೊಬ್ಬರಿಗೆ ಎಂಟು.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಗೋಡೆಗೆ 5 ಮೀಟರ್ ಇರುವಾಗ ತಲೆ ದಾಟಿದ ಕ್ಷಣ ಸ್ಟಾಪ್‌ವಾಚ್ ಒತ್ತಿ, ತಿರುಗಿ 10 ಮೀಟರ್ ದಾಟಿದಾಗ ನಿಲ್ಲಿಸಿ. ಒಟ್ಟು 15 ಮೀಟರ್. ಅದೇ ಮಗು ಕೊಳದ ನಡುವೆ ಅದೇ ವೇಗದಲ್ಲಿ 15 ಮೀಟರ್ ಈಜುವ ಸಮಯವನ್ನೂ ತೆಗೆಯಿರಿ. ಟರ್ನ್ ಇರುವ 15 ಮೀಟರ್‌ಗೆ ಹೆಚ್ಚು ಹೊತ್ತು ಹಿಡಿದರೆ ಮಗು ಗೋಡೆಯಲ್ಲಿ ಸೋಲುತ್ತಿದೆ. ತಿಂಗಳಿಗೊಮ್ಮೆ ಅಳೆದು ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ಸಾಕು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. "ನಮ್ಮಲ್ಲಿ ಒಲಿಂಪಿಕ್ ಅಳತೆಯ ಕೊಳ ಎಲ್ಲಿದೆ" ಎಂಬ ಕೊರಗು ಸದಾ ಕೇಳಿಬರುತ್ತದೆ. ಕಾಲೇಜು ಈಜಿನ ಮಟ್ಟಿಗೆ ಅದು ಕೊರಗಬೇಕಾದ ವಿಷಯವಲ್ಲ. 25 ಗಜದ ಕೊಳಕ್ಕೆ ಹತ್ತಿರವಾದದ್ದು ನಮ್ಮ 25 ಮೀಟರ್ ಕೊಳವೇ. ಬೇಕಾಗಿರುವುದು ಅದನ್ನು ಸ್ಪರ್ಧೆಯ ಕೊಳವಾಗಿ ಇಟ್ಟುಕೊಳ್ಳುವುದು. ಎರಡೂ ತುದಿಯಲ್ಲಿ ಗೋಡೆಯಿಂದ 5 ಮೀಟರ್‌ಗೆ, ನೀರಿನಿಂದ 1.8 ಮೀಟರ್ ಎತ್ತರದಲ್ಲಿ, ಬಣ್ಣದ ಬಾವುಟದ ಹಗ್ಗ ಕಟ್ಟಬೇಕು. ಅದಿಲ್ಲದೆ ಬ್ಯಾಕ್‌ಸ್ಟ್ರೋಕ್‌ನವರು ಗೋಡೆ ಎಲ್ಲಿದೆ ಎಂದು ತಿಳಿಯದೆ ತಲೆ ಬಡಿಸಿಕೊಳ್ಳುತ್ತಾರೆ, ಇಲ್ಲವೇ ಹೆದರಿ ವೇಗ ತಗ್ಗಿಸುತ್ತಾರೆ. ಒಂದೊಂದು ತುದಿಗೆ ಎರಡು ಕಂಬ, ಒಂದು ನೈಲಾನ್ ಹಗ್ಗ, ಬಟ್ಟೆಯ ತುಂಡುಗಳು, ಇಷ್ಟೇ ಖರ್ಚು. ತಳದ ಅಡ್ಡಗೆರೆ, ಗೋಡೆಯ ಮೇಲಿನ ಗುರುತು ಮಾಸಿದ್ದರೆ ಹೊಸದಾಗಿ ಹಾಕಿಸಬೇಕು. ಪಾಚಿ ಹಿಡಿದ ಟೈಲ್ಸ್ ಮೇಲೆ ಪಾದ ಜಾರುತ್ತದೆ, ಟರ್ನ್ ಮಾಡುವ ಗೋಡೆಯನ್ನು ವಾರಕ್ಕೊಮ್ಮೆ ಉಜ್ಜಬೇಕು.

ಕೊಳದ ಉದ್ದವನ್ನು ಉಕ್ಕಿನ ಟೇಪ್ ಹಿಡಿದು ಅಳೆಯುವುದೂ ಮುಖ್ಯ. 25 ಮೀಟರ್ ಎಂದು ಕಟ್ಟಿದ ಕೊಳ ಟೈಲ್ಸ್ ಕೂರಿಸಿದ ಮೇಲೆ 10 ಸೆಂಟಿಮೀಟರ್ ಕಡಿಮೆಯಾದರೆ, ನೂರು ಮೀಟರ್‌ಗೆ 40 ಸೆಂಟಿಮೀಟರ್ ಕಡಿಮೆ, ಸಮಯದಲ್ಲಿ ಸುಮಾರು 0.2 ಸೆಕೆಂಡು. 1500 ಮೀಟರ್‌ಗೆ 6 ಮೀಟರ್ ಕಡಿಮೆ, ಸುಮಾರು ನಾಲ್ಕು ಸೆಕೆಂಡು. ಮಗು ಬೆಂಗಳೂರಿಗೆ ಹೋಗಿ ಸ್ಪರ್ಧಿಸಿದಾಗ ಸಮಯ ಹಿಂದೆ ಬಿದ್ದು ಕಂಗಾಲಾಗುತ್ತದೆ. ಅದರ ತಪ್ಪಲ್ಲ, ಕೊಳದ ತಪ್ಪು. ಡೈವ್ ಹೊಡೆಯುವ ತುದಿಯಲ್ಲಿ ಆಳ ಕನಿಷ್ಠ 1.35 ಮೀಟರ್, ಅದೂ ಗೋಡೆಯಿಂದ 1 ಮೀಟರ್‌ನಿಂದ ಹಿಡಿದು 6 ಮೀಟರ್‌ವರೆಗೆ ಇರಬೇಕು. ಅದಕ್ಕಿಂತ ಕಡಿಮೆ ಇರುವ ರೆಸಾರ್ಟ್ ಕೊಳಗಳಲ್ಲಿ ಯಾರಿಗೂ ಡೈವ್ ಕಲಿಸಬೇಡಿ, ಕುತ್ತಿಗೆ ಮುರಿಯುತ್ತದೆ.

ಮಳೆಗಾಲ ನಮ್ಮ ಮಕ್ಕಳ ನಿಜವಾದ ಶತ್ರು. ಮೃಗಶಿರಾದಿಂದ ಮಖೆಯವರೆಗೆ ತೆರೆದ ಕೊಳದಲ್ಲಿ ಈಜು ನಿಂತೇಹೋಗುತ್ತದೆ. ಸ್ಪರ್ಧೆಗೆ ನೀರು 25ರಿಂದ 28 ಡಿಗ್ರಿ ಇರಬೇಕೆಂಬ ನಿಯಮವಿದೆ. ತಣ್ಣನೆ ನೀರಿನಲ್ಲಿ ಸಣ್ಣ ಮೈಯ ಮಕ್ಕಳು ಇಪ್ಪತ್ತು ನಿಮಿಷಕ್ಕೆ ನಡುಗಲು ಶುರು, ಭುಜ ಬಿಗಿಯುತ್ತದೆ, ನೋವು ಹಿಡಿಯುತ್ತದೆ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ ಸುಮಾರು 4 ಲಕ್ಷ 70 ಸಾವಿರ ಲೀಟರ್ ನೀರಿರುತ್ತದೆ. ಅದನ್ನು ಒಂದು ಡಿಗ್ರಿ ಏರಿಸಲು 545 ಯೂನಿಟ್‌ನಷ್ಟು ಶಾಖ ಬೇಕು. ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಹಾಕಿದರೆ ಅದರ ನಾಲ್ಕರಲ್ಲಿ ಅಥವಾ ಐದರಲ್ಲಿ ಒಂದು ಪಾಲು ಕರೆಂಟ್ ಸಾಕು, ಅಂದರೆ 110ರಿಂದ 135 ಯೂನಿಟ್. ಒಮ್ಮೆ ಏರಿಸಿದ ಮೇಲೆ ಶಾಖ ಹೋಗುವುದು ಹೆಚ್ಚಾಗಿ ಮೇಲ್ಮೈಯಿಂದ ಆವಿಯಾಗಿ. ರಾತ್ರಿ ಕೊಳಕ್ಕೆ ಹೊದಿಕೆ ಹಾಕಿದರೆ ಬಹಳಷ್ಟು ಉಳಿಯುತ್ತದೆ. ಮೇಲೆ ಶೀಟಿನ ಚಾವಣಿಯೊಂದಿದ್ದರೆ ಮಳೆಯ ತಣ್ಣೀರು ಬೀಳುವುದೇ ಇಲ್ಲ. ನಾವು ಅಡಿಕೆ ಚಪ್ಪರಕ್ಕೆ ಎಷ್ಟು ಯೋಚಿಸುತ್ತೇವೋ ಅಷ್ಟು ಯೋಚನೆ ಇದಕ್ಕೂ ಸಲ್ಲಬೇಕು.

ಮಳೆ ಬಿದ್ದಾಗ ಕ್ಲೋರಿನ್ ತೆಳುವಾಗುತ್ತದೆ, ತರಗೆಲೆ ಬಿದ್ದು ಇದ್ದ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ. ದಿನಕ್ಕೆರಡು ಸಲ ಪರೀಕ್ಷಿಸಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.6ರ ನಡುವೆ ಇಡಬೇಕು. ದಡದಲ್ಲಿ ನಿಂತಾಗ ಆಳದ ತುದಿಯ ತಳ ಕಾಣದಿದ್ದರೆ ಯಾರನ್ನೂ ನೀರಿಗಿಳಿಸಬಾರದು. ಗುಡುಗು ಕೇಳಿದೊಡನೆ ಎಲ್ಲರೂ ಹೊರಗೆ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವ ತನಕ ಮತ್ತೆ ಇಳಿಯುವಂತಿಲ್ಲ. ಕೊಳ ಮುಚ್ಚಿದೆ ಎಂದು ಮಕ್ಕಳನ್ನು ತುಂಬಿದ ಹೊಳೆಗೆ ಕರೆದೊಯ್ಯುವುದಂತೂ ಸಲ್ಲದು. ಆ ದಿನಗಳಲ್ಲಿ ಜಗುಲಿಯ ಮೇಲೆ ರಬ್ಬರ್ ಬ್ಯಾಂಡ್ ಎಳೆತ, ಪ್ಲ್ಯಾಂಕ್, ಹಗ್ಗದಾಟ, ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಲ್ಲುವ ಅಭ್ಯಾಸ ಮಾಡಿಸಬಹುದು. ಭುಜದ ಕಾಳಜಿ ಇಲ್ಲಿಂದಲೇ ಶುರುವಾಗಬೇಕು. ದಿನಕ್ಕೆ 5000 ಮೀಟರ್ ಈಜುವ ಮಗು, 25 ಮೀಟರ್‌ಗೆ 18 ಕೈ ಎಂದರೂ, 3600 ಸಲ ಕೈ ಬೀಸುತ್ತದೆ. ಪ್ರತಿ ಭುಜಕ್ಕೆ 1800. ಹೆಬ್ಬೆರಳು ಮೊದಲು ನೀರಿಗೆ ಹೋಗುವಂತೆ ಕೈ ಇಡುವುದು, ತಲೆಯ ಮುಂದೆ ಮಧ್ಯಗೆರೆ ದಾಟಿ ಕೈ ಇಡುವುದು, ಇವೆರಡು ತಪ್ಪು 1800 ಸಲ ಆದರೆ ಭುಜದ ಸ್ನಾಯುರಜ್ಜು ಮೂಳೆಯ ನಡುವೆ ಉಜ್ಜಿ ಊದಿಕೊಳ್ಳುತ್ತದೆ. ನೋವು ಬಂದ ಮೇಲೆ ಎಣ್ಣೆ ನೀವುವುದರಿಂದ ಕೈ ಇಡುವ ರೀತಿ ಬದಲಾಗುವುದಿಲ್ಲ.

ಇನ್ನು ಕಾಗದಪತ್ರ. ಎನ್‌ಸಿಎಎ ನೋಡುವುದು ಪಿಯುಸಿ ಅಂಕ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ, ಒಂಬತ್ತನೇ ತರಗತಿಯಿಂದ ಹಿಡಿದು ಎಲ್ಲ ವರ್ಷದ ಅಂಕಪಟ್ಟಿ ಬೇಕು. ಒಂಬತ್ತರ ಮಾರ್ಕ್ಸ್ ಕಾರ್ಡನ್ನು ಶಾಲೆ ಕನ್ನಡದಲ್ಲಿ ಕೊಟ್ಟಿದ್ದರೆ ಮೂಲದ ಜೊತೆಗೆ ಸಾಲಿಗೆ ಸಾಲು ಇಂಗ್ಲಿಷ್ ಅನುವಾದ ಕೊಡಬೇಕು. ಟಿಸಿ ತೆಗೆದುಕೊಳ್ಳುವಾಗಲೇ ಇವನ್ನು ಕೇಳಿ ಪಡೆಯಿರಿ, ನಾಲ್ಕು ವರ್ಷ ಬಿಟ್ಟು ಹೋದರೆ ಹುಡುಕಿಕೊಡುವವರು ಇರುವುದಿಲ್ಲ. ಡಿವಿಷನ್ ಒನ್‌ಗೆ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮುಂತಾದವುಗಳಲ್ಲಿ 16 ಮೂಲ ವಿಷಯ ಆಗಿರಬೇಕು, ಅವುಗಳ ಸರಾಸರಿ ನಾಲ್ಕಕ್ಕೆ ಕನಿಷ್ಠ 2.3 ಬರಬೇಕು. ಕಾಲೇಜು ತನ್ನ ಪ್ರವೇಶಕ್ಕೆ ಕೇಳುವ ಅಂಕ ಇದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತಯಾರಿ ಮೊದಲ ಪಿಯುಸಿಯಲ್ಲೇ ಶುರುವಾಗಬೇಕು. ಕನ್ನಡ ಮಾಧ್ಯಮ ಅಡ್ಡಿಯಲ್ಲ, ತಡವಾಗಿ ಎಚ್ಚರಾಗುವುದು ಅಡ್ಡಿ.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ನೀಟ್‌ಗಾಗಿ ವರ್ಷ ಬಿಡುವುದು. ಪಿಯುಸಿ ಮುಗಿದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಕಳೆದು, ಆ ನಡುವೆ ಸ್ಪರ್ಧೆಗಳಲ್ಲೂ ಈಜಿದ್ದರೆ, ಕಾಲೇಜು ತಂಡದಲ್ಲಿ ಸ್ಪರ್ಧಿಸುವ ಅರ್ಹತೆಯ ವರ್ಷಗಳಲ್ಲೇ ಕಡಿತವಾಗಬಹುದು. ಇನ್ನೊಂದು, "ಸದ್ಯಕ್ಕೆ ಇಲ್ಲೇ ಬಿಇ ಸೇರಿರಲಿ, ಅಲ್ಲಿ ಸಿಕ್ಕಿದರೆ ಹೋಗೋಣ" ಎನ್ನುವುದು. ಪೂರ್ಣಾವಧಿ ಪದವಿಗೆ ಸೇರಿದ ದಿನದಿಂದ ಅರ್ಹತೆಯ ಗಡಿಯಾರ ಓಡಲು ಶುರುವಾಗುತ್ತದೆ, ಅಲ್ಲಿ ಹೊಸ ವಿದ್ಯಾರ್ಥಿ ಎಂದಲ್ಲ, ವರ್ಗಾವಣೆಯ ವಿದ್ಯಾರ್ಥಿ ಎಂದು ಪರಿಗಣಿಸುತ್ತಾರೆ. ಇವೆರಡೂ ಮನೆಯವರು ಒಳ್ಳೆಯದಕ್ಕೆಂದೇ ಮಾಡುವ ತಪ್ಪುಗಳು, ಆದ್ದರಿಂದಲೇ ನೋವಾಗುತ್ತದೆ.

ಕೋಚ್‌ಗೆ ಬರೆಯುವ ಇಮೇಲ್ ಒಂದು ಪುಟ ಮೀರಬಾರದು. ಮೊದಲ ಸಾಲಿನಲ್ಲಿ ಯಾವ ಸ್ಟ್ರೋಕ್, ಯಾವ ದೂರ, ಪಿಯುಸಿ ಮುಗಿಯುವ ವರ್ಷ. ಆಮೇಲೆ ಉತ್ತಮ ಸಮಯಗಳು, ಪ್ರತಿಯೊಂದರ ಪಕ್ಕ ಸ್ಪರ್ಧೆಯ ಹೆಸರು, ತಾರೀಖು, ಕೊಳ 50 ಮೀಟರ್‌ದೋ 25ರದೋ ಎನ್ನುವುದು. ಎಲೆಕ್ಟ್ರಾನಿಕ್ ಟೈಮಿಂಗ್ ಇದ್ದ ಸಮಯವನ್ನೇ ಕೊಡಿ. ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ನ ಸಮಯ ಸಾಮಾನ್ಯವಾಗಿ 0.2 ಸೆಕೆಂಡು ಚೆನ್ನಾಗಿಯೇ ಕಾಣುತ್ತದೆ, ಕೋಚ್‌ಗಳಿಗೆ ಅದು ಗೊತ್ತು. ಇದಕ್ಕಾಗಿ ರಾಜ್ಯ ಈಜು ಸಂಸ್ಥೆಗೆ ಸೇರಿದ ಕ್ಲಬ್ ಮೂಲಕ ಭಾರತೀಯ ಈಜು ಫೆಡರೇಷನ್ನಿನಲ್ಲಿ ನೋಂದಣಿ ಮಾಡಿಸಿ, ವರ್ಷಕ್ಕೆ ಎರಡು ಸಲವಾದರೂ ಬೆಂಗಳೂರಿನ ದೊಡ್ಡ ಕೊಳದಲ್ಲಿ ಸ್ಪರ್ಧಿಸಬೇಕು. ಎತ್ತರ, ಕೈ ಚಾಚಿದ ಅಗಲ, ವಾರಕ್ಕೆ ಎಷ್ಟು ದಿನ ಎಷ್ಟು ಮೀಟರ್ ಅಭ್ಯಾಸ ಎನ್ನುವುದನ್ನು ಇದ್ದಂತೆ ಬರೆಯಿರಿ. "ವಾರಕ್ಕೆ ಐದು ದಿನ, ಮಳೆಗಾಲದಲ್ಲಿ ಮೂರು" ಎಂದು ಬರೆಯಲು ನಾಚಿಕೆ ಬೇಡ. ಇಷ್ಟು ಕಡಿಮೆ ಅಭ್ಯಾಸದಲ್ಲೇ ಈ ಸಮಯ ಬಂದಿದ್ದರೆ ಇನ್ನೆಷ್ಟು ಬೆಳೆಯಬಹುದು ಎಂದು ನೋಡುವ ಕೋಚ್‌ಗಳಿದ್ದಾರೆ. ವಿಡಿಯೊ ಎರಡು ನಿಮಿಷ ಸಾಕು: ಪಕ್ಕದಿಂದ ಒಂದು ಸ್ಟಾರ್ಟ್, ಎರಡು ಟರ್ನ್, ಕೊನೆಯ 15 ಮೀಟರ್. ಹಿನ್ನೆಲೆ ಸಂಗೀತ ಹಾಕಬೇಡಿ. ಯಾವ ಕಾಲೇಜಿಗೆ ಬರೆಯಬೇಕು ಎಂಬುದಕ್ಕೆ ಸರಳ ಪರೀಕ್ಷೆ, ಆ ಕಾಲೇಜಿನ ವಲಯ ಚಾಂಪಿಯನ್‌ಷಿಪ್ ಫಲಿತಾಂಶ ತೆರೆದು, ಗಜಕ್ಕೆ ಪರಿವರ್ತಿಸಿದ ನಿಮ್ಮ ಸಮಯ ಮೊದಲ ಹದಿನಾರರಲ್ಲಿ ಬರುತ್ತದೆಯೇ ನೋಡಿ. ಬಂದರೆ ಆ ಕೋಚ್‌ಗೆ ನಿಮ್ಮಿಂದ ಅಂಕ ಸಿಗುತ್ತದೆ, ಉತ್ತರ ಬರೆಯುತ್ತಾರೆ. ಇಷ್ಟು ಕೆಲಸಕ್ಕೆ ಲಕ್ಷಗಟ್ಟಲೆ ಕೇಳುವ ಏಜೆಂಟರ ಅಗತ್ಯವಿಲ್ಲ.

ಹಣದ ವಿಷಯವನ್ನು ಮುಚ್ಚಿಡಬಾರದು. ಈಜಿನಲ್ಲಿ ಪೂರ್ಣ ಸ್ಕಾಲರ್‌ಶಿಪ್ ಅಪರೂಪ. ಬಹುಕಾಲ ಡಿವಿಷನ್ ಒನ್‌ನಲ್ಲಿ ಒಂದು ಪುರುಷರ ತಂಡಕ್ಕೆ ಇದ್ದದ್ದು 9.9 ಸ್ಕಾಲರ್‌ಶಿಪ್, ಮಹಿಳೆಯರಿಗೆ 14. ಅದನ್ನೇ ಇಪ್ಪತ್ತೈದು ಮೂವತ್ತು ಜನರಿಗೆ ಹಂಚುತ್ತಿದ್ದರು. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಮಾನ್ಯ ಮಾಡಿದ ಒಪ್ಪಂದದಿಂದ, ಅದಕ್ಕೆ ಒಪ್ಪಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್‌ಗಳ ಮಿತಿ ಹೋಗಿ ತಂಡದ ಗಾತ್ರಕ್ಕೇ ಮಿತಿ ಬಂದಿದೆ. ಡೈವಿಂಗ್ ಸೇರಿ 30 ಜನ. ಇದರಿಂದ ಕೊನೆಯ ಸ್ಥಾನಗಳಿಗೆ ಪೈಪೋಟಿ ಹೆಚ್ಚಿದೆ. ಡಿವಿಷನ್ ತ್ರೀ ಕಾಲೇಜುಗಳು ಕ್ರೀಡೆಗೆಂದು ಹಣ ಕೊಡುವುದೇ ಇಲ್ಲ, ಆದರೆ ಓದಿಗೆ, ಮನೆಯ ಪರಿಸ್ಥಿತಿಗೆ ಕೊಡುತ್ತವೆ. ಉದಾಹರಣೆಗೆ ವರ್ಷಕ್ಕೆ 60,000 ಡಾಲರ್ ಖರ್ಚಿನ ಕಾಲೇಜು ಶೇ 40 ಕೊಟ್ಟರೆ ಉಳಿಯುವುದು 36,000. ನಾಲ್ಕು ವರ್ಷಕ್ಕೆ 1,44,000 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೂ ಒಂದು ಕೋಟಿ 22 ಲಕ್ಷ. ತೋಟ ಅಡವಿಟ್ಟು ಕಳಿಸುವ ಮೊತ್ತವಲ್ಲ ಇದು. ಹಾಗಾಗಿ ಪಿಯುಸಿಯಲ್ಲಿ ತೆಗೆದ ಅಂಕವೂ ಕೊಳದಲ್ಲಿ ತೆಗೆದ ಸೆಕೆಂಡಿನಷ್ಟೇ ಬೆಲೆಯುಳ್ಳದ್ದು, ಓದಿನ ಸ್ಕಾಲರ್‌ಶಿಪ್ ಈಜಿನದರ ಜೊತೆ ಸೇರಿದಾಗಲೇ ಲೆಕ್ಕ ಕೂಡುವುದು. ವಿದ್ಯಾರ್ಥಿ ವೀಸಾದಲ್ಲಿ ಪಾಠದ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅಲ್ಲಿನ ಹುಡುಗರು ಜಾಹೀರಾತಿನಿಂದ ಗಳಿಸುವಂತೆ ನಮ್ಮ ಮಕ್ಕಳು ಗಳಿಸಲು ಹೋದರೆ ವೀಸಾಕ್ಕೇ ಕುತ್ತು.

ಅಲ್ಲಿ ಹೋದ ಮೇಲಿನ ಬದುಕು ಹೀಗಿರುತ್ತದೆ: ಸ್ಪರ್ಧೆಗಳ ಋತುವಿನಲ್ಲಿ ವಾರಕ್ಕೆ 20 ಗಂಟೆ ಅಭ್ಯಾಸದ ಮಿತಿ, ಒಂದು ದಿನ ಕಡ್ಡಾಯ ರಜೆ, ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದು. ಅಕ್ಟೋಬರ್‌ನಿಂದ ಜನವರಿವರೆಗೆ ಕಾಲೇಜು ಕಾಲೇಜುಗಳ ನಡುವಿನ ಸ್ಪರ್ಧೆ, ಫೆಬ್ರವರಿಯಲ್ಲಿ ವಲಯದ್ದು, ಮಾರ್ಚ್‌ನಲ್ಲಿ ರಾಷ್ಟ್ರಮಟ್ಟದ್ದು. ಅದು ಮುಗಿದ ಮೇಲೆ ಮೀಟರ್ ಕೊಳಕ್ಕೆ ಹೊರಳಬೇಕು, ಗಜದ ಸಮಯಕ್ಕೆ ಒಲಿಂಪಿಕ್ ಅರ್ಹತೆಯಲ್ಲಾಗಲಿ ನಮ್ಮ ರಾಷ್ಟ್ರೀಯ ದಾಖಲೆಯಲ್ಲಾಗಲಿ ಬೆಲೆಯಿಲ್ಲ. ಊರಿಂದ ಕಳಿಸುವ ಲೇಹ್ಯ, ಪುಡಿ, ಪ್ರೋಟೀನ್ ಡಬ್ಬಿಗಳ ಬಗ್ಗೆ ಎಚ್ಚರ ಇರಲಿ. ಒಳಗೇನಿದೆ ಎಂದು ಖಚಿತವಿಲ್ಲದ್ದನ್ನು ತಿಂದು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಈಜುಗಾರನದೇ, ಅಜ್ಜಿ ಕೊಟ್ಟದ್ದು ಎನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ. ದಮ್ಮಿನ ಇನ್ಹೇಲರ್‌ಗೂ ಪ್ರಮಾಣದ ಮಿತಿಯಿದೆ, ವೈದ್ಯರ ಚೀಟಿ ಇಟ್ಟುಕೊಂಡಿರಬೇಕು.

ನಮ್ಮ ಕೋರಿಕೆ ಇಷ್ಟು. ಕ್ರೀಡಾ ಇಲಾಖೆ ಮತ್ತು ಪಾಲಿಕೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾರ್ವಜನಿಕ ಕೊಳದ ಎರಡು ಲೇನ್‌ಗಳನ್ನು ಬೆಳಿಗ್ಗೆ 5ರಿಂದ 6.30ರವರೆಗೆ 13ರಿಂದ 18 ವರ್ಷದವರಿಗೆ ಮೀಸಲಿಡಲಿ. ಟ್ಯೂಷನ್‌ನವರು ಆ ಮಕ್ಕಳಿಗೆ ಏಳು ಗಂಟೆಯ ಬ್ಯಾಚ್ ಕೊಡಲಿ. ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ವರ್ಷಕ್ಕೊಮ್ಮೆಯಾದರೂ ಎಲೆಕ್ಟ್ರಾನಿಕ್ ಟೈಮಿಂಗ್ ಬಾಡಿಗೆಗೆ ತರಿಸಲಿ. ಬಾವುಟದ ಹಗ್ಗಕ್ಕೆ ಮಂಜೂರಾತಿ ಕಾಯಬೇಕಿಲ್ಲ, ಕಂಬ ನೆಡಲು ಅನುಮತಿ ಕೊಟ್ಟರೆ ಹಗ್ಗ, ಬಟ್ಟೆ ನಾವೇ ತಂದು ಕಟ್ಟುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಲೆನಾಡಿನ ಕೆಲವು ಈಜು ತರಬೇತುದಾರರು, ಶಿವಮೊಗ್ಗ